ಆಧುನಿಕ ಚೀನಾ ಇತಿಹಾಸದ ಓದುಗುಂಪು: ಎರಡು ವರ್ಷ ಕೂತವನ ವಿಮರ್ಶೆ

ಗಡಿಯಲ್ಲಿ ನಾಳೆ ಏನಾಗುತ್ತದೆ, ಚೀನಾದ ಮುಂದಿನ ನಡೆ ಏನು ಅಂತ ತಿಳಿಯುವ ಆಸೆ ಇದ್ದರೆ ಈ ಗುಂಪು ನಿಮಗಲ್ಲ. ಅದಕ್ಕೆ ರಾತ್ರಿ ಒಂಬತ್ತರ ಟಿವಿ ಚರ್ಚೆ ಇದ್ದೇ ಇದೆ. ಇಲ್ಲಿ ನಡೆಯುವುದು ಓದು, ಅದೂ ತುಂಬಾ ನಿಧಾನವಾಗಿ. ನಾನು ಸೇರಿ ಎರಡು ವರ್ಷ ದಾಟಿತು. ಸೇರಬಹುದಾ ಅಂತ ಕೇಳುವವರು ಇತ್ತೀಚೆಗೆ ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ವ್ಯವಸ್ಥೆ ಸರಳ. ಭಾನುವಾರ ಸಂಜೆ ಜೂಮ್‌ನಲ್ಲಿ ಎರಡು ಗಂಟೆ. ತಿಂಗಳಿಗೆ ನೂರು ರೂಪಾಯಿ. ಅದು ಜೂಮ್ ಖಾತೆಗೆ, ಜೆರಾಕ್ಸ್ ಖರ್ಚಿಗೆ ಸರಿಹೋಗುತ್ತದೆ. ನಡೆಸುವವರು ನಿವೃತ್ತ ಇತಿಹಾಸ ಮೇಷ್ಟ್ರು. ಬರುವವರಲ್ಲಿ ಬ್ಯಾಂಕಿನವರಿದ್ದಾರೆ, ಸಾಫ್ಟ್‌ವೇರ್‌ನವರಿದ್ದಾರೆ, ಮಂಡ್ಯ ಕಡೆಯ ರೈತರೊಬ್ಬರಿದ್ದಾರೆ, ಸಿಂಗಪುರದಿಂದ ಸೇರಿಕೊಳ್ಳುವ ಗಂಡ ಹೆಂಡತಿ ಇದ್ದಾರೆ. ಕೆಎಎಸ್‌ಗೆ ಓದುವ ಹುಡುಗರೂ ಬರುತ್ತಾರೆ, ಆದರೆ ಬೇಗ ಮಾಯವಾಗುತ್ತಾರೆ. ಪರೀಕ್ಷೆಗೆ ಬೇಕಾದ ನೋಟ್ಸ್ ಇಲ್ಲಿ ಸಿಗುವುದಿಲ್ಲ. ಅವರದ್ದೇನೂ ತಪ್ಪಿಲ್ಲ ಬಿಡಿ.

ವಾರಕ್ಕೊಂದು ದಾಖಲೆ. ಒಂದು ಒಪ್ಪಂದ, ಒಂದು ಪತ್ರ, ಇಲ್ಲಾ ಒಂದು ಭಾಷಣ. ಇಂಗ್ಲಿಷ್ ಅನುವಾದವನ್ನು ಒಬ್ಬರು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಮೊದಲ ಅರ್ಧ ಗಂಟೆ ಯಾರೂ ಅಭಿಪ್ರಾಯ ಹೇಳುವಂತಿಲ್ಲ. ಯಾರು ಬರೆದರು, ಯಾರಿಗೆ, ಯಾವಾಗ, ಏನು ಕೇಳುತ್ತಿದ್ದಾರೆ, ಅಷ್ಟೇ. ಮಾತಿನ ಚಪಲ ಇರುವವರಿಗೆ ಈ ಅರ್ಧ ಗಂಟೆ ಕಷ್ಟ. ಆದರೆ ಇಡೀ ಗುಂಪಿನ ಜೀವ ಇರುವುದೇ ಅಲ್ಲಿ.

ಮೊದಲ ಅಫೀಮು ಯುದ್ಧದಲ್ಲಿ ಸೋತ ಚೀನಾ ಬ್ರಿಟನ್ ಜೊತೆ ಮಾಡಿಕೊಂಡ 1842ರ ನಾನ್‌ಜಿಂಗ್ ಒಪ್ಪಂದವನ್ನೇ ನೋಡಿ. ಹಾಂಗ್‌ಕಾಂಗ್ ಬ್ರಿಟನ್ನಿಗೆ ಹೋಯಿತು, ಶಾಂಘೈ ಸೇರಿ ಐದು ಬಂದರುಗಳು ತೆರೆದವು ಅನ್ನುವುದು ಎಲ್ಲರೂ ಕೇಳಿರುವ ವಿಷಯ. ನಮ್ಮಲ್ಲಿರುವ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಅದನ್ನೆಲ್ಲ ಬಿಟ್ಟು, ದುಡ್ಡಿನ ಕಲಮುಗಳನ್ನು ಮಾತ್ರ ಎಕ್ಸೆಲ್ ಶೀಟಿಗೆ ಹಾಕಿ ತೋರಿಸಿದರು. ಚೀನಾ ಕೊಡಬೇಕಾಗಿದ್ದು ಇಷ್ಟು: ತಾನು ಜಪ್ತಿ ಮಾಡಿದ ಅಫೀಮಿಗೆ 60 ಲಕ್ಷ ಬೆಳ್ಳಿ ಡಾಲರ್. ವ್ಯಾಪಾರಿಗಳಿಗೆ ಬರಬೇಕಿದ್ದ ಬಾಕಿಗೆ 30 ಲಕ್ಷ. ಬ್ರಿಟಿಷರ ಯುದ್ಧದ ಖರ್ಚಿಗೆ 1 ಕೋಟಿ 20 ಲಕ್ಷ. ಒಟ್ಟು 2 ಕೋಟಿ 10 ಲಕ್ಷ, ಕಂತುಗಳಲ್ಲಿ. ಕಂತು ತಪ್ಪಿದರೆ ವರ್ಷಕ್ಕೆ ಶೇ. 5ರ ಬಡ್ಡಿ. "ಇದು ಸಾಲದ ಕರಾರು ಇದ್ದ ಹಾಗೇ ಇದೆಯಲ್ರೀ" ಅಂದರು ಅವರು. ಇಷ್ಟೆಲ್ಲ ಬರೆದವರು, ಇನ್ನು ಮುಂದೆ ಅಫೀಮು ಮಾರಬಹುದೋ ಬಾರದೋ ಅನ್ನುವುದನ್ನು ಮಾತ್ರ ಆ ಒಪ್ಪಂದದಲ್ಲಿ ಹೇಳಲೇ ಇಲ್ಲ. ಅದು ಕಾನೂನುಬದ್ಧವಾಗಿದ್ದು 1858ರಲ್ಲಿ, ಎರಡನೇ ಅಫೀಮು ಯುದ್ಧದ ನಡುವೆ.

ಅದಕ್ಕೂ ಹಿಂದಿನ ವಾರ ಲಿನ್ ಝೆಶು ಪತ್ರ ಓದಿದ್ದೆವು. 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ಉಪ್ಪು, ಸುಣ್ಣ ಹಾಕಿ ಕರಗಿಸಿ ಸಮುದ್ರಕ್ಕೆ ಬಿಡಿಸಿದ ಚೀನೀ ಅಧಿಕಾರಿ ಈತ. 1839ರಲ್ಲಿ ವಿಕ್ಟೋರಿಯಾ ರಾಣಿಗೆ ಬರೆದ ಪತ್ರದಲ್ಲಿ, ನಿಮ್ಮ ದೇಶದಲ್ಲೇ ನಿಷೇಧ ಇರುವ ವಸ್ತುವನ್ನು ನಮ್ಮಲ್ಲಿಗೇಕೆ ಕಳಿಸುತ್ತೀರಿ ಅಂತ ಕೇಳುತ್ತಾನೆ. ಕೇಳಲು ಸರಿಯಾಗಿಯೇ ಇದೆ, ಅಲ್ವಾ? ಆದರೆ ಆಗ ಬ್ರಿಟನ್ನಿನಲ್ಲಿ ಅಂಥ ನಿಷೇಧವೇ ಇರಲಿಲ್ಲ. ಔಷಧದ ಅಂಗಡಿಯಲ್ಲಿ ಅಫೀಮು ಸಲೀಸಾಗಿ ಸಿಗುತ್ತಿತ್ತು. ಅಲ್ಲಿ ಮಾರಾಟಕ್ಕೆ ಕಟ್ಟುಪಾಡು ಬಂದಿದ್ದು 1868ರಲ್ಲಿ. ಹಾಗಾದರೆ ಪತ್ರದ ವಾದ ಬಿದ್ದುಹೋಯಿತೇ? ಆ ಸಂಜೆ ಮೀಟಿಂಗ್ ಮುಗಿದದ್ದು ಊಟದ ಹೊತ್ತು ಮೀರಿದ ಮೇಲೆ.

ಅಫೀಮು ಎಲ್ಲಿಂದ ಹೋಗುತ್ತಿತ್ತು ಅನ್ನುವ ವಾರವಂತೂ ಎಲ್ಲರೂ ಕೂತು ಕೇಳಲೇಬೇಕು. ಬಿಹಾರದ ಅಫೀಮು ಕಲ್ಕತ್ತದಲ್ಲಿ ಹರಾಜಾಗಿ ಹಡಗು ಹತ್ತುತ್ತಿತ್ತು, ಮಾಳವದ್ದು ಮುಂಬೈಯಿಂದ. ಮುಂಬೈನ ಜೆ.ಜೆ. ಕಲಾಶಾಲೆಗೆ ಹೆಸರು ಕೊಟ್ಟ ಜಮ್ಶೆಟ್‌ಜಿ ಜೀಜೀಭಾಯ್ ಕೂಡ ಈ ವ್ಯಾಪಾರದಲ್ಲಿ ದುಡ್ಡು ಮಾಡಿದವರೇ. ಚೀನಾದ ಕಥೆ ಅಂತ ಕೂತವರಿಗೆ ಅರ್ಧ ನಮ್ಮ ಕಥೆಯೇ ಸಿಗುತ್ತದೆ.

ಇನ್ನು ಕಿರಿಕಿರಿಗಳು. ಹೆಸರುಗಳ ಗೋಜಲು ಮೊದಲನೆಯದು. ಹಳೆಯ ಪುಸ್ತಕದ ಕ್ಯಾಂಟನ್ ಈಗಿನ ಗುವಾಂಗ್‌ಝೌ, ಕಮ್ಯುನಿಸ್ಟರಿಗೆ ಸೋತು ತೈವಾನಿಗೆ ಹೋದ ನಾಯಕ, ಹಳೆಯ ಚಿಯಾಂಗ್ ಕೈ ಶೇಕ್, ಹೊಸ ಪುಸ್ತಕದಲ್ಲಿ ಜಿಯಾಂಗ್ ಜಿಯೆಶಿ. ಒಬ್ಬನನ್ನೇ ಇಬ್ಬರು ಅಂದುಕೊಂಡು ಜಗಳ ಆಡಿದವರಿದ್ದಾರೆ. ಗುಂಪಿನಲ್ಲಿ ಒಂದು ಪಟ್ಟಿ ಇದೆ, ಸೇರಿದ ದಿನವೇ ಇಸಿದುಕೊಳ್ಳಿ. ಎರಡನೆಯದು ವಾಟ್ಸ್ಆ್ಯಪ್. ಯಾವ ವಿಷಯ ಎತ್ತಿದರೂ ಹತ್ತನೇ ಮೆಸೇಜಿಗೆ 1962ಕ್ಕೆ ಬಂದು ನಿಲ್ಲುತ್ತದೆ. ನಾನು ಮ್ಯೂಟ್ ಮಾಡಿಟ್ಟಿದ್ದೇನೆ, ನೆಮ್ಮದಿಯಾಗಿದ್ದೇನೆ.

ನಿಜವಾದ ದೂರು ಬೇರೆ. ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ 1949ರವರೆಗೆ ಬಸವನಹುಳು ಥರ ತೆವಳಿದ ಗುಂಪು ಆಮೇಲೆ ಓಡಲು ಶುರು ಮಾಡಿತು. ಬೆಳೆ, ಉಕ್ಕಿನ ಉತ್ಪಾದನೆಯನ್ನು ಒಮ್ಮೆಲೇ ಹೆಚ್ಚಿಸಲು ಮಾವೋ 1958ರಲ್ಲಿ ಶುರು ಮಾಡಿದ ಮಹಾ ಜಿಗಿತ, ಅದರ ಬೆನ್ನಿಗೇ ಬಂದ ಬರಗಾಲ, ಎರಡೂ ಒಂದೇ ಸಂಜೆಯಲ್ಲಿ ಮುಗಿದವು. ಸತ್ತವರ ಸಂಖ್ಯೆಗೆ ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿವರೆಗೆ ಬೇರೆ ಬೇರೆ ಅಂದಾಜುಗಳಿವೆ. 1953, 1964, 1982ರ ಜನಗಣತಿ ಇಟ್ಟುಕೊಂಡು ಈ ಲೆಕ್ಕ ಹೇಗೆ ಹಾಕುತ್ತಾರೆ, ಅಂತರ ಯಾಕೆ ಇಷ್ಟು ದೊಡ್ಡದು ಅನ್ನುವುದಕ್ಕೇ ಒಂದು ತಿಂಗಳು ಬೇಕಿತ್ತು. ಬ್ಯಾಂಕಿನವರೂ ಇದನ್ನೇ ಹೇಳಿದರು. ಮೇಷ್ಟ್ರು ನಕ್ಕು ಸುಮ್ಮನಾದರು. ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಗೂ, ಪ್ರತಿಭಟನೆಯನ್ನು ಸೈನ್ಯ ಹತ್ತಿಕ್ಕಿದ 1989ರ ತಿಯಾನನ್‌ಮೆನ್‌ಗೂ ಇದೇ ಗತಿ. ಟಿಬೆಟ್ ವಾರದಲ್ಲಿ ಟಿಬೆಟನ್ನು ಚೀನಾದ ಭಾಗ ಅಂತ ಬರೆದುಕೊಂಡ 1951ರ ಹದಿನೇಳು ಅಂಶಗಳ ಒಪ್ಪಂದ ಓದಿದ್ದು ಒಳ್ಳೆಯದೇ. ಆದರೆ ಬೈಲಕುಪ್ಪೆಯಲ್ಲಿ ಟಿಬೆಟಿನವರು 1960ರ ದಶಕದಿಂದ ಇದ್ದಾರೆ. ಅಲ್ಲಿಯ ಹಿರಿಯರೊಬ್ಬರನ್ನು ಕರೆಸುವುದು ಎಷ್ಟರ ಕೆಲಸ?

ಈ ಓಟದ ನಡುವೆಯೂ ಎರಡು ಸಂಜೆ ಮರೆಯುವಂಥದ್ದಲ್ಲ. ಒಂದು, ಚೀನಾ ಉತ್ತರ ಕೊರಿಯಾದ ಪರ ಹೋರಾಡಿದ ಕೊರಿಯಾ ಯುದ್ಧದ ಕೈದಿಗಳದ್ದು. 1953ರಲ್ಲಿ ಯುದ್ಧ ನಿಂತಾಗ ಊರಿಗೆ ವಾಪಸ್ ಹೋಗಲ್ಲ ಅಂದ ಚೀನೀ ಕೈದಿಗಳೇ 14,000ಕ್ಕೂ ಹೆಚ್ಚು. ಅವರ ಗತಿ ತೀರ್ಮಾನಿಸಲು ಕೂತ ಐದು ದೇಶಗಳ ಆಯೋಗಕ್ಕೆ ಅಧ್ಯಕ್ಷರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಕಾವಲಿಗೆ ಭಾರತದ ಸೈನಿಕರು. ವಾಪಸ್ ಬನ್ನಿ ಅಂತ ಅವರ ದೇಶದವರು ಕೈದಿಗಳಿಗೆ ತಿಳಿಸಿ ಹೇಳಲು 90 ದಿನ ಅಂತ ನಿಯಮ. ಆದರೆ ಕೈದಿಗಳು ಡೇರೆ ಬಿಟ್ಟು ಬರಲೇ ಒಲ್ಲರು. ಕೊನೆಗೆ 1954ರ ಜನವರಿಯಲ್ಲಿ ಅವರಲ್ಲಿ ಬಹುಪಾಲು ಜನ ತೈವಾನಿಗೆ ಹೋದರು.

ಇನ್ನೊಂದು ಅನ್‌ಹುಯಿ ಪ್ರಾಂತ್ಯದ ಶಿಯಾವ್‌ಗಾಂಗ್ ಅನ್ನುವ ಹಳ್ಳಿಯದ್ದು. ಭೂಮಿ, ಬೆಳೆ ಎಲ್ಲ ಸಾಮೂಹಿಕವಾಗಿದ್ದ ಕಾಲ ಅದು. 1978ರಲ್ಲಿ 18 ರೈತರು ಗುಟ್ಟಾಗಿ ಒಂದು ಹಾಳೆಗೆ ಹೆಬ್ಬೆಟ್ಟು ಒತ್ತಿದರು. ಭೂಮಿಯನ್ನು ಮನೆಮನೆಗೆ ಹಂಚಿಕೊಳ್ಳುವುದು, ಸರ್ಕಾರದ ಪಾಲು ಕೊಡುವುದು, ಮುಂದಾಳುಗಳು ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷದವರೆಗೆ ಉಳಿದವರು ಸಾಕುವುದು. ಇಷ್ಟೇ ಅದರಲ್ಲಿರುವುದು. ಓದಿ ಮುಗಿಸಿದ ಮೇಲೆ ಮಂಡ್ಯದವರು ಅವರಪ್ಪ ಲೆವಿ ಭತ್ತ, ಅಂದರೆ ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಿದ್ದ ಭತ್ತ, ಅಳೆದು ಕೊಡುತ್ತಿದ್ದ ಕಾಲ ಹೇಳಿದರು. "ಲೆವಿ ಕೊಟ್ಟಾದ್ಮೇಲೆ ಮಿಕ್ಕಿದ್ದು ನಮ್ದೇ ಆಗ್ತಿತ್ತು. ಮಿಕ್ಕೋದೂ ನಮ್ದಲ್ಲ ಅಂದ್ರೆ ಯಾರ್ ಗೇಯ್ತಾರೆ ಮೇಷ್ಟ್ರೇ?" ಅಂದರು. ಸುಧಾರಣೆಯ ಬಗ್ಗೆ ಮೇಷ್ಟ್ರು ತಯಾರು ಮಾಡಿಕೊಂಡು ಬಂದಿದ್ದ ಸ್ಲೈಡುಗಳನ್ನು ಯಾರೂ ಆಮೇಲೆ ಕೇಳಲಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಡಿಮೆ ಮಾಡಿದ ಒಂದು ಅಂಕ ಪೂರ್ತಿ 1949ರ ನಂತರದ ಓಟಕ್ಕೆ. ಹೊಸಬರಿಗೆ ಮೊದಲ ತಿಂಗಳು ಹಣ ಕೇಳುವುದಿಲ್ಲ. ಮುಂದಿನ ಸುತ್ತು, ಚೀನಾದ ಕೊನೆಯ ರಾಜವಂಶವನ್ನು ಉರುಳಿಸಿದ ಕ್ರಾಂತಿಗೆ ಕಿಡಿ ಹಚ್ಚಿದ 1911ರ ವೂಚಾಂಗ್ ದಂಗೆಯಿಂದ ಶುರು. ಬರುವುದಾದರೆ ಒಂದು ದೊಡ್ಡ ನಕ್ಷೆ ಕೊಂಡು ಗೋಡೆಗೆ ಅಂಟಿಸಿಕೊಳ್ಳಿ. ವೂಚಾಂಗ್ ಈಗ ಸೇರಿರುವ ವೂಹಾನ್ ಎಲ್ಲಿದೆ, ಯಾಂಗ್‌ತ್ಸೆ ನದಿ ಎತ್ತ ಹರಿಯುತ್ತದೆ ಅಂತ ಗೊತ್ತಿಲ್ಲದೆ ಆ ವಾರಗಳು ತಲೆಗೆ ಹತ್ತುವುದಿಲ್ಲ. ಫೋನಿನ ನಕ್ಷೆ ಸಾಲದು.