ಕಸ ಹೆಕ್ಕುವ ಉದ್ದ ಇಕ್ಕಳ: ತುದಿ ನೋಡಿ ಕೊಳ್ಳಿ

ಬೆನ್ನು ಬಗ್ಗಿಸದೆ ಕಸ ಎತ್ತಲು ಸಿಗುವ ಉದ್ದ ಹಿಡಿಕೆಯ ಇಕ್ಕಳಗಳೆಲ್ಲ ನೋಡಲು ಒಂದೇ ಥರ. ಮೇಲೆ ಹಿಡಿಕೆ, ಟ್ರಿಗರ್. ನಡುವೆ ಅಲ್ಯೂಮಿನಿಯಂ ಕೊಳವೆ. ಕೆಳಗೆ ಎರಡು ದವಡೆ. ಟ್ರಿಗರ್ ಒತ್ತಿದರೆ ಕೊಳವೆಯೊಳಗಿನ ತಂತಿಯೋ ಸರಳೋ ದವಡೆಯನ್ನು ಎಳೆದು ಮುಚ್ಚುತ್ತದೆ, ಬಿಟ್ಟರೆ ಸ್ಪ್ರಿಂಗ್ ತೆರೆಯುತ್ತದೆ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅನ್ನುವುದು ಗೊತ್ತಾಗುವುದು ದವಡೆಯ ತುದಿಯಲ್ಲಿ.

ಖಾಲಿ ಬಾಟಲಿಯನ್ನು ಯಾವ ಇಕ್ಕಳವಾದರೂ ಎತ್ತುತ್ತದೆ. ನೆಲದಲ್ಲೇ ಉಳಿದುಹೋಗುವುದು ಸಣ್ಣಪುಟ್ಟವು: ಕವರಿನ ಹರಿದ ಮೂಲೆ, ಬಾಟಲಿ ಮುಚ್ಚಳ, ಸ್ಟ್ರಾ, ಸಿಗರೇಟ್ ತುಂಡು. ಸಿಗರೇಟಿನ ಫಿಲ್ಟರ್ ನೋಡಲು ಹತ್ತಿಯಂತಿದ್ದರೂ ಅದು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಎಳೆ, ಬೇಗ ಕೊಳೆಯುವುದಿಲ್ಲ. ಇಂಥದ್ದನ್ನು ಎತ್ತಲಾರದ ಇಕ್ಕಳ ಇದ್ದೂ ಇಲ್ಲದಂತೆ. ಪ್ರತಿ ಸಲ ಬಗ್ಗಲೇಬೇಕಾಗುತ್ತದೆ.

ಹಾಗಾಗಿ ಅಂಗಡಿಯಲ್ಲೇ ಪರೀಕ್ಷಿಸಿ. ದವಡೆ ಮುಚ್ಚಿ ಬೆಳಕಿಗೆ ಹಿಡಿಯಿರಿ. ತುದಿಯ ಇಡೀ ಅಗಲಕ್ಕೆ ಸಂದು ಕಾಣಬಾರದು. ನುಣುಪು ನೆಲದ ಮೇಲೆ ಒಂದು ನಾಣ್ಯವನ್ನು ಮಲಗಿಸಿ ಎತ್ತಿ ನೋಡಿ. ಆಮೇಲೆ ಅರ್ಧ ಲೀಟರ್ ನೀರು ತುಂಬಿದ ಬಾಟಲಿಯನ್ನು ಕುತ್ತಿಗೆ ಹಿಡಿದು ಎತ್ತಿ. ದವಡೆಗಳು ಒಂದರ ಪಕ್ಕಕ್ಕೊಂದು ಜಾರಿ ತಿರುಚಿಕೊಂಡರೆ ಕೀಲು ಸಡಿಲವೆಂದೇ ಅರ್ಥ. ಬಳಸುತ್ತ ಹೋದಂತೆ ಅದು ಇನ್ನೂ ಸಡಿಲವಾಗುತ್ತದೆಯೇ ಹೊರತು ಸರಿಹೋಗುವುದಿಲ್ಲ.

ತುದಿಗೆ ಎರಡು ರಬ್ಬರ್ ಬಟ್ಟಲು ಇರುವ ಮಾದರಿ ಮನೆಯೊಳಗೆ ಬಿದ್ದ ವಸ್ತು ಎತ್ತಿಕೊಳ್ಳಲು ಚೆನ್ನ, ಬೀದಿಗೆ ಬೇಡ. ಬಟ್ಟಲಿನಲ್ಲಿ ಮಣ್ಣು ತುಂಬಿ ಹಿಡಿತ ಹೋಗುತ್ತದೆ. ಕೊನೆಗೆ ಬಟ್ಟಲೇ ಕಳಚಿ ಬಿದ್ದು ಇನ್ನೊಂದು ಕಸವಾಗುತ್ತದೆ. ಮಡಚುವ ಮಾದರಿಯೂ ನಮಗೆ ಹಿಡಿಸಲಿಲ್ಲ. ನಡುವಿನ ಕೀಲು ಅಲುಗಾಡತೊಡಗಿದರೆ ತುದಿ ಗುರಿ ತಪ್ಪುತ್ತದೆ. ನಮ್ಮ ಆಯ್ಕೆ ಇಷ್ಟು: ಮಡಚದ ಕೊಳವೆ, ಚಪ್ಪಟೆ ದವಡೆ, ಒಳಗೆ ಹೆಣೆದ ಉಕ್ಕಿನ ತಂತಿ ಅಥವಾ ಸರಳು. ನೈಲಾನ್ ದಾರ ಹಾಕಿದ್ದರೆ ಕೊಳವೆಯ ಅಂಚಿಗೆ ಉಜ್ಜಿ ಉಜ್ಜಿ ತುಂಡಾಗುತ್ತದೆ.

ಉದ್ದ ದೊಡ್ಡವರಿಗೆ ಸುಮಾರು 80ರಿಂದ 85 ಸೆಂ.ಮೀ., ಮಕ್ಕಳಿಗೆ 60 ಸೆಂ.ಮೀ. ಸಾಕು. ಹೆಚ್ಚು ಉದ್ದವಾದಷ್ಟೂ ತುದಿಯ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಟ್ರಿಗರನ್ನು ಒಂದೇ ಬೆರಳಿನಿಂದಲ್ಲ, ನಾಲ್ಕೂ ಬೆರಳಿನಿಂದ ಒತ್ತುವಂತಿರಬೇಕು.

ಬಳಸುವಾಗ ಒಂದು ಸೂಕ್ಷ್ಮವಿದೆ. ಬಹಳ ದಿನ ಬಿಸಿಲಿಗೆ ಬಿದ್ದ ತೆಳು ಕ್ಯಾರಿಬ್ಯಾಗ್ ನೋಡಲು ಗಟ್ಟಿಯಾಗಿಯೇ ಇರುತ್ತದೆ, ಇಕ್ಕಳ ಒತ್ತಿದ ಕೂಡಲೇ ಒಣಗಿದ ಎಲೆಯಂತೆ ಚೂರುಚೂರಾಗುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳನ್ನು ಕಡಿದುಹಾಕಿರುತ್ತದೆ. ಆ ಚೂರುಗಳು ಮಣ್ಣು ಸೇರಿದರೆ ಮತ್ತೆ ಹೆಕ್ಕಲಾಗುವುದಿಲ್ಲ. ಅಂಥದ್ದು ಕಂಡರೆ ಇಕ್ಕಳ ಬದಿಗಿಟ್ಟು, ಕೈಗವಸು ಹಾಕಿಕೊಂಡು ಅಂಗೈಯಲ್ಲಿ ಬಾಚಿಕೊಳ್ಳಿ. ಥರ್ಮಾಕೋಲ್‌ಗೂ ಇದೇ ಉಪಾಯ. ಮಳೆ ಬರುವ ಮುಂಚೆ ಚರಂಡಿ ಬಾಯಿಯ ಸುತ್ತಮುತ್ತ ಮೊದಲು ಮುಗಿಸಿ, ನೀರು ಹರಿದರೆ ಅಲ್ಲಿರುವುದೇ ಮೊದಲು ಕೊಚ್ಚಿಹೋಗುವುದು.

ಕಸ ತುಂಬಲು ಹೊಸ ಪ್ಲಾಸ್ಟಿಕ್ ಚೀಲ ಕೊಳ್ಳಬೇಡಿ, ಹಳೆಯ ಬಕೆಟ್ ಒಂದು ಇದ್ದರೆ ಸಾಕು. ಚೀಲದ ಬಾಯಿ ಗಾಳಿಗೆ ಮುಚ್ಚಿಕೊಳ್ಳುತ್ತಿರುತ್ತದೆ, ಅದನ್ನು ಬಿಡಿಸಲು ಇನ್ನೊಂದು ಕೈ ಬೇಕು. ಬಾಟಲಿಯಲ್ಲಿ ಉಳಿದ ನೀರನ್ನು ಚೆಲ್ಲಿಯೇ ಹಾಕಿ, ಭಾರ ಕಡಿಮೆಯಾಗುತ್ತದೆ. ಇಂಜೆಕ್ಷನ್ ಸೂಜಿ ಸಿಕ್ಕರೆ ಮುಚ್ಚಳ ಹಾಕಲು ಹೋಗಬೇಡಿ. ಗಟ್ಟಿ ಡಬ್ಬಿಯನ್ನು ನೆಲದ ಮೇಲಿಟ್ಟು, ಅದನ್ನು ಕೈಯಲ್ಲಿ ಹಿಡಿಯದೆ, ಇಕ್ಕಳದಿಂದಲೇ ಸೂಜಿಯನ್ನು ಒಳಗೆ ಬಿಡಿ. ಡಬ್ಬಿಯನ್ನು ಮಾಮೂಲಿ ಕಸಕ್ಕೆ ಸೇರಿಸದೆ ಬೇರೆಯಾಗಿ ಒಪ್ಪಿಸಿ.

ಕೆಲಸ ಮುಗಿದ ಮೇಲೆ ದವಡೆಯ ಕೀಲಿನ ಮರಳನ್ನು ನೀರಿನಲ್ಲಿ ತೊಳೆದು, ಒಣಗಿಸಿ, ಕೀಲಿಗೆ ಒಂದು ಹನಿ ಎಣ್ಣೆ ಬಿಡಿ. ದವಡೆಯ ಒಳಮೈಗೆ ಅಂಟಿಸಿರುವ ರಬ್ಬರ್ ಪಟ್ಟಿಗೆ ಎಣ್ಣೆ ತಾಗಬಾರದು, ಉಬ್ಬಿ ಅಂಟು ಬಿಡುತ್ತದೆ. ಎಲ್ಲಕ್ಕಿಂತ ಮೊದಲು ಹಾಳಾಗುವುದು ಈ ರಬ್ಬರ್ ಪಟ್ಟಿಯೇ. ಕಿತ್ತುಬಂದರೆ ಇಕ್ಕಳ ಎಸೆಯಬೇಡಿ. ಹಳೆಯ ಸೈಕಲ್ ಟ್ಯೂಬಿನಿಂದ ದವಡೆಯ ಅಗಲಕ್ಕೆ ಪಟ್ಟಿ ಕತ್ತರಿಸಿ, ಪಟ್ಟಿಯ ಅಂಟುವ ಮೈ, ದವಡೆಯ ಮೈ ಎರಡನ್ನೂ ಉಪ್ಪುಕಾಗದದಲ್ಲಿ ತಿಕ್ಕಿ, ರಬ್ಬರ್ ಅಂಟು ಸವರಿ, ಅದು ಕೈಗೆ ಅಂಟದಷ್ಟು ಆರಿದ ಮೇಲೆ ಒತ್ತಿ ಕೂರಿಸಿ. ರಾತ್ರಿಯಿಡೀ ದವಡೆ ಮುಚ್ಚಿಯೇ ಇರುವಂತೆ ದಾರ ಕಟ್ಟಿಡಿ. ಕಾರ್ಖಾನೆಯಲ್ಲಿ ಹಾಕಿದ ಗಟ್ಟಿ ಪಟ್ಟಿಗಿಂತ ಈ ಮೆತ್ತನೆಯ ಟ್ಯೂಬೇ ಸಿಗರೇಟ್ ತುಂಡನ್ನು ಚೆನ್ನಾಗಿ ಹಿಡಿಯುತ್ತದೆ.