ನಾಲೆ ಬಯಲಿನವಳ ಮರಳುಗಾಡಿನ ಸಂಸಾರ

ಮರಳುಗಾಡಿನಲ್ಲಿ ಒಂದು ಸಂಸಾರ ನಡೆಸುವ ಕಂಪ್ಯೂಟರ್ ಗೇಮ್ ಇದು, ಇನ್ನೂ ಪೂರ್ತಿ ತಯಾರಾಗುವ ಮೊದಲೇ ಮಾರಾಟಕ್ಕೆ ಬಂದಿದೆ. 19 ಗಂಟೆ ಆಡಿದ ಮೇಲೆ ಬರೆಯುತ್ತಿದ್ದೇನೆ. ಅದರಲ್ಲಿ 11 ಗಂಟೆಯ ಆಟ ಈಗ ಇಲ್ಲ. ಆ ಕತೆ ಆಮೇಲೆ.

ನಮ್ಮೂರು ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿದೆ. ನೀರಿನ ಲೆಕ್ಕ ಅಂದರೆ ನಮಗೆ ಕಟ್ಟು ನೀರು: ಇಷ್ಟು ದಿನ ನಾಲೆಗೆ ಬಿಡೋದು, ಇಷ್ಟು ದಿನ ನಿಲ್ಲಿಸೋದು. ಬಿಟ್ಟ ದಿನ ಬಿಂದಿಗೆ ಎಣಿಸುವವರು ಯಾರು? ಅಂಥವಳ ಕೈಗೆ ಈ ಗೇಮ್ ಏಳು ಬಿಂದಿಗೆ ನೀರು ಕೊಟ್ಟು, ಆರು ಜನ, ನಾಲ್ಕು ಮೇಕೆ, ಒಂದು ಒಂಟೆಯನ್ನು ಸಾಕು ಅಂದಿತು. ಎರಡನೇ ಸಂಜೆಗೆ ಒಂದು ಮೇಕೆ ಹೋಯಿತು. ದುಡ್ಡಿನಾಸೆಗೆ ಒಂಟೆ ಮಾರಿದೆ. ಆಮೇಲೆ ನೋಡಿದರೆ ದೂರದ ಬಾವಿಯಿಂದ ನೀರು ಹೊರಲು ಯಾರೂ ಇಲ್ಲ!

ನೀರಿನ ಲೆಕ್ಕ ಮಾತ್ರ ತುಂಬ ಚೆನ್ನಾಗಿ ಮಾಡಿದ್ದಾರೆ. ಬಾಯಿ ಮುಚ್ಚದ ಮಡಕೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನೀರು ಇಳಿದಿರುತ್ತದೆ. ಪಾತ್ರೆಯನ್ನು ಮರಳಲ್ಲಿ ಉಜ್ಜಿದರೆ ಅರ್ಧ ಬಿಂದಿಗೆ ಉಳಿಯುತ್ತದೆ. ಅಂಗಳದಲ್ಲಿ ಟಾಂಕಾ ಕಟ್ಟಬಹುದು. ಥಾರ್ ಮರುಭೂಮಿಯ ಕಡೆ ಮಳೆನೀರು ಹಿಡಿದಿಡಲು ನೆಲದೊಳಗೆ ಕಟ್ಟುವ ತೊಟ್ಟಿ ಅದು. ಸುತ್ತಲಿನ ನೆಲ ತೊಟ್ಟಿಯ ಕಡೆಗೆ ಇಳಿಜಾರಾಗಿರಬೇಕು, ಇಲ್ಲದಿದ್ದರೆ ಮಳೆ ಬಂದರೂ ತುಂಬಲ್ಲ. ನನಗೆ ಇದು ತಿಳಿದದ್ದು ಮಳೆ ಬಂದು ಹೋದ ಮೇಲೆ.

ಎಲ್ಲಕ್ಕಿಂತ ಇಷ್ಟವಾದದ್ದು ನೆಂಟರು. ಯಾರಾದರೂ ಬಂದರೆ ನೀರು ಕೊಡಲೇಬೇಕು, ಕೊಡದಿದ್ದರೆ ಊರಲ್ಲಿ ಮರ್ಯಾದೆ ಇಳಿಯುತ್ತದೆ. ನಮ್ಮ ಕಡೆಯೂ ಬಂದವರಿಗೆ ಮೊದಲು ಬೆಲ್ಲ, ನೀರು ಅಲ್ವಾ? ಒಂದೂವರೆ ಬಿಂದಿಗೆ ಉಳಿದಿದ್ದಾಗ ಮೂವರು ಬಂದರು. ಬಾಗಿಲು ಹಾಕಿಬಿಡೋಣ ಅನ್ನಿಸಿತು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ, "ಮೊದಲು ನೀರು ಕೊಡು, ಪಾಪ" ಅಂದರು. ಅಲ್ಲಿಯವರೆಗೆ ಅವರು "ಈ ಮನೆ ನೋಡಿಕೊಳ್ಳೋದು ಸಾಲದೂ ಅಂತ ಇನ್ನೊಂದಾ?" ಎಂದು ಗೊಣಗುತ್ತಿದ್ದವರು.

ಇನ್ನು ತಕರಾರು. ಮರಳುಗಾಡಿನಲ್ಲಿ ಹಗಲಿನ ಕಾವು ರಾತ್ರಿ ಬೇಗ ಇಳಿದು ಚಳಿ ಹಿಡಿಯುತ್ತದೆ. ಇಲ್ಲಿ ರಾತ್ರಿಯೂ ಅದೇ ಸೆಕೆ, ನೇಯ್ದ ಕಂಬಳಿಗೆ ಕೆಲಸವೇ ಇಲ್ಲ. ಅಕ್ಷರ ಸಾಸಿವೆ ಕಾಳಿನಷ್ಟು, ಅದೂ ಇಂಗ್ಲಿಷಿನಲ್ಲಿ ಮಾತ್ರ. ಧೂಳುಗಾಳಿ ಬಂದಾಗ ಆಟದ ಮನೆಯ ಸೊಸೆ ಬಿಂದಿಗೆ ಹೊತ್ತವಳು ಬಾವಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಳು. ಮೂರು ದಿನ ಹಾಗೇ ನಿಂತಿದ್ದಳು. ಅಷ್ಟರಲ್ಲಿ ಅಪ್‌ಡೇಟ್ ಬಂತು. ಬಂದ ಮೇಲೆ ಹಳೆಯ ಸೇವ್, ಅಂದರೆ ಅಲ್ಲಿಯವರೆಗೆ ಉಳಿಸಿಟ್ಟಿದ್ದ ಆಟ, ತೆರೆಯಲೇ ಇಲ್ಲ. 11 ಗಂಟೆ ಹೋಯಿತು. ಅರ್ಧ ಕಟ್ಟಿದ ಮನೆಗೆ ಬಾಡಿಗೆ ಬಂದರೆ ಹೀಗೇ, ಗೊತ್ತಿದ್ದೇ ಬಂದಿದ್ದೆ. ಆದರೂ ಹೊಟ್ಟೆ ಉರಿಯಿತು.

ಕೊಳ್ಳಬಹುದಾ? ನಿಧಾನವಾಗಿ ಆಡುವವರಾದರೆ ಕೊಳ್ಳಿ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಮೊದಲ ಮೇಕೆ ಸಾಯಲು ಅಷ್ಟು ಹೊತ್ತು ಸಾಕು. ಆಗಲೂ ಆಡಬೇಕು ಅನ್ನಿಸಿದರೆ ಇಟ್ಟುಕೊಳ್ಳಿ.

ನಾನು ಮತ್ತೆ ಮೊದಲಿನಿಂದ ಶುರು ಮಾಡಿದ್ದೇನೆ. ಟಾಂಕಾ ಅರ್ಧ ತುಂಬಿದೆ. ಒಂಟೆ ಮಾರಿಲ್ಲ.