ಸಾಟಿವೆಕ್ಸ್ ಸ್ಪ್ರೇ: ಅಳತೆಗೆ ಸಿಕ್ಕ ಗಾಂಜಾ ಔಷಧ

ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು, ಬೆನ್ನುಹುರಿಯ ನರಗಳ ಕಾಯಿಲೆ) ಇರುವವರ ಸ್ನಾಯು ಬಿಗಿತಕ್ಕೆ ಬ್ರಿಟನ್ನಿನಲ್ಲಿ 2010ರಿಂದ ಪರವಾನಗಿ ಪಡೆದಿರುವ ಔಷಧ ಸಾಟಿವೆಕ್ಸ್. ಗಾಂಜಾ ಸಾರವನ್ನು ಮದ್ಯಸಾರದಲ್ಲಿ ಕರಗಿಸಿದ ಬಾಯಿ ಸ್ಪ್ರೇ ಇದು. ಬೇರೆ ಗುಣಗಳ ಮಾತು ಆಮೇಲೆ, ಮೊದಲು ಮೆಚ್ಚಬೇಕಾದದ್ದು ಅಳತೆ. ಒಮ್ಮೆ ಒತ್ತಿದರೆ 100 ಮೈಕ್ರೋಲೀಟರ್, ಅದರಲ್ಲಿ ಗಾಂಜಾದ ಎರಡು ಮುಖ್ಯ ಅಂಶಗಳು: ಅಮಲು ತರುವ ಟಿಎಚ್‌ಸಿ 2.7 ಮಿ.ಗ್ರಾಂ, ಅಮಲು ತರದ ಸಿಬಿಡಿ 2.5 ಮಿ.ಗ್ರಾಂ.

ಹಳೆಯ ಗಾಂಜಾ ಟಿಂಕ್ಚರ್ (ಮದ್ಯಸಾರದಲ್ಲಿ ಕರಗಿಸಿದ ಔಷಧ) ಸೋತದ್ದೇ ಇಲ್ಲಿ. ಬ್ರಿಟನ್ನಿನ ಅಧಿಕೃತ ಔಷಧ ಗ್ರಂಥವಾದ ಬ್ರಿಟಿಷ್ ಫಾರ್ಮಕೋಪಿಯಾದ ಸೂತ್ರ ಸರಳವಾಗಿತ್ತು: ಒಂದು ಔನ್ಸ್ ಸಾರಕ್ಕೆ ಒಂದು ಪೈಂಟ್ ಸ್ಪಿರಿಟ್. ಆದರೆ ಆ ಔನ್ಸಿನ ಕಸುವು ಗಿಡದಿಂದ ಗಿಡಕ್ಕೆ ಬೇರೆ, ದಾಸ್ತಾನಿನಲ್ಲಿ ಕೂತಷ್ಟೂ ಇಳಿಕೆ. ಮೇಲಾಗಿ ಟಿಎಚ್‌ಸಿ ನೀರಿಗೆ ಒಗ್ಗದ್ದು. ಟಿಂಕ್ಚರಿಗೆ ನೀರು ಬೆರೆಸಿದೊಡನೆ ರಾಳ ಬೇರ್ಪಟ್ಟು ಕದಡುತ್ತಿತ್ತು. ಅದನ್ನು ತೇಲಿಸಿಡಲು ಗೋಂದಿನ ಲೋಳೆ ಸೇರಿಸುತ್ತಿದ್ದರು.

ಸಾಟಿವೆಕ್ಸಿಗೆ ಸಾರ ತೆಗೆಯುವುದು ದ್ರವ ಇಂಗಾಲದ ಡೈಆಕ್ಸೈಡಿನಿಂದ. ಮದ್ಯಸಾರದ ಪಾತ್ರ ಕರಗಿಸುವುದಷ್ಟೇ, ಆದರೂ ದ್ರವದ ಅರ್ಧದಷ್ಟು ಅದೇ. ಜೊತೆಗೆ ಪ್ರೊಪಿಲೀನ್ ಗ್ಲೈಕಾಲ್, ರುಚಿಗೆ ಪೆಪ್ಪರ್‌ಮಿಂಟ್ ಎಣ್ಣೆ. ದಿನದ ಗರಿಷ್ಠ 12 ಸ್ಪ್ರೇಗೂ ಮದ್ಯಸಾರ ಅರ್ಧ ಗ್ರಾಂ ದಾಟದು; ಮದ್ಯದ ಅಮಲಿನ ಭಯ ಬೇಡ, ಬಾಯಿ ಉರಿಯ ಭಯ ಇರಲಿ. ನಾಲಿಗೆಯಡಿ, ಕೆನ್ನೆಯ ಒಳಭಾಗ, ಹೀಗೆ ಜಾಗ ಬದಲಿಸುತ್ತಿರಬೇಕು. ಒಂದೇ ಕಡೆ ಹೊಡೆದರೆ ಹುಣ್ಣಾಗಬಹುದು.

ಹೊಸ ಸೀಸೆಯನ್ನು ಮೆಲ್ಲಗೆ ಅಲುಗಿಸಿ, ಮೊದಲ ಎರಡು ಮೂರು ಸ್ಪ್ರೇ ಟಿಶ್ಯೂಗೆ ಬಿಡಿ. ಬೆಂಕಿ ಹತ್ತಿರ ಬೇಡ. ಸ್ಪ್ರೇಗಳ ನಡುವೆ ಕನಿಷ್ಠ 15 ನಿಮಿಷ ಬಿಡಬೇಕು. ದಿನದ ಸಂಖ್ಯೆಯನ್ನು ಎರಡು ವಾರಗಳಲ್ಲಿ ನಿಧಾನವಾಗಿ ಏರಿಸಬೇಕು. ಆತುರಪಟ್ಟವರಿಗೆ ತಲೆಸುತ್ತು ಬರಬಹುದು. ಊಟಕ್ಕೆ ಮುಂಚೆಯೋ ಆಮೇಲೋ, ಒಂದೇ ಪದ್ಧತಿ ಇರಲಿ, ಏಕೆಂದರೆ ಊಟದ ಜೊತೆ ರಕ್ತಕ್ಕೆ ಸೇರುವ ಪ್ರಮಾಣ ಹೆಚ್ಚುತ್ತದೆ. ತೆರೆಯದ ಸೀಸೆ ಫ್ರಿಜ್ಜಿನಲ್ಲಿ. ತೆರೆದ 10 ಮಿ.ಲೀ. ಸೀಸೆ 25 ಡಿಗ್ರಿಯೊಳಗೆ, ನೇರವಾಗಿ ನಿಲ್ಲಿಸಿ, 42 ದಿನ.

ಸ್ಕಿಜೋಫ್ರೇನಿಯಾ ಅಥವಾ ಬೇರೆ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮನೋರೋಗ) ಹಿನ್ನೆಲೆ ಇದ್ದವರಿಗೆ ಇದು ಸಲ್ಲದು.

ಗುಣದ ಮಾತಿಗೆ ಬಂದರೆ, ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2019ರ ಮಾರ್ಗಸೂಚಿಯೇ ಒಳ್ಳೆಯ ಒರೆಗಲ್ಲು: ನಾಲ್ಕು ವಾರ ಬಳಸಿ, ಬಿಗಿತ ಶೇ 20ರಷ್ಟಾದರೂ ಇಳಿಯದಿದ್ದರೆ ನಿಲ್ಲಿಸಿ. ಬೇರೆ ಮಾತ್ರೆಗಳು ಕೈಕೊಟ್ಟವರಿಗಷ್ಟೇ ಇದು ಹೊಂದುವ ಔಷಧ.

ಬ್ರಿಟನ್ನಿನಿಂದ ಬೆಂಗಳೂರಿಗೆ ಬರುವ ಕನ್ನಡಿಗರು ವೈದ್ಯರ ಚೀಟಿ ನಂಬಿ ಇದನ್ನು ಬ್ಯಾಗಿಗೆ ಹಾಕಬೇಡಿ. ಗಾಂಜಾ ಹೂವಿನ ಸಾರಕ್ಕೆ ಭಾರತದಲ್ಲಿ 1985ರ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯ ಬಿಗಿ ಇದೆ. ಟಿಕೆಟ್ ತೆಗೆಯುವ ಮುಂಚೆಯೇ ಭಾರತದ ಹೈಕಮಿಷನ್‌ನಲ್ಲಿ ಕೇಳಿಕೊಳ್ಳಿ.